ರಾಜಾಜಿನಗರದ ತಂಗಿಗೆ: ದುಡ್ಡು ಕೇಳೋ ವಿಷಯದಲ್ಲಿ ದಾಕ್ಷಿಣ್ಯ ಬೇಡ

"ಅಕ್ಕ, ನಮ್ಮನೆಯವ್ರಿಗೆ ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಕೆಲಸ ಆಗಿದೆ, ಸೆಪ್ಟೆಂಬರ್‌ಗೆ ಡಿಪೆಂಡೆಂಟ್ ವೀಸಾದಲ್ಲಿ ನಾನೂ ಹೊರಡ್ತಿದೀನಿ, ಇಲ್ಲಿ ಮನೆಯಿಂದಾನೇ ನಾಲ್ಕು ಕ್ಲೈಂಟ್‌ಗೆ ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್ ಮಾಡ್ತೀನಿ, ಅಲ್ಲೂ ಫ್ರೀಲ್ಯಾನ್ಸ್ ಮಾಡ್ಬಹುದಾ, ರೇಟ್ ಎಷ್ಟು ಹೇಳ್ಬೇಕು, ಮನೆ, ಚಳಿ, ಊಟ ಎಲ್ಲಾ ಹೇಗೆ" ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಅದಕ್ಕೆ ನೀನು ಅಂತಾನೇ ಬರೀತೀನಿ. ನಾನೀಗ ತ್ಯಾಗರಾಜನಗರದಲ್ಲಿ ಅಮ್ಮನ ಮನೇಲಿದೀನಿ, ಮೂರು ವಾರದ ರಜೆ, ಮಧ್ಯಾಹ್ನ ಎಲ್ಲರೂ ಮಲಗಿದಾರೆ, ಹಾಗಾಗಿ ಪುರುಸೊತ್ತಾಗಿ ಬರೀತಿದೀನಿ.

ನಾನು ಹೋಗಿದ್ದು 2012 ಜನವರೀಲಿ. ನಾನೂ ಡಿಪೆಂಡೆಂಟೇ. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಅಪ್ಪ ಟ್ರಾಲಿ ಬಿಡೋವರೆಗೂ ಒಂದು ಮಾತೂ ಆಡಲಿಲ್ಲ, ಕೊನೆಗೆ "ಯಾರ ಹತ್ರಾನೂ ಕೈ ಚಾಚ್ಬೇಡ ಪುಟ್ಟಿ" ಅಂದ್ರು ಅಷ್ಟೆ. ಆ ಮಾತನ್ನ ನಾನು ಎಷ್ಟು ತಪ್ಪಾಗಿ ಅರ್ಥ ಮಾಡ್ಕೊಂಡೆ ಅನ್ನೋದನ್ನೇ ಮುಂದೆ ಹೇಳೋಕೆ ಹೊರಟಿದೀನಿ. ಹೋದ ಮೊದಲನೇ ದಿನ ಸಾಯಂಕಾಲ ನಾಲ್ಕು ಗಂಟೆಗೆಲ್ಲ ಕತ್ತಲಾಗ್ಬಿಡ್ತು, ದೀಪ ಹಚ್ಚೋಣ ಅಂದ್ರೆ ಎಣ್ಣೆ ಇತ್ತು, ಬತ್ತಿ ಇತ್ತು, ಬೆಂಕಿಪೊಟ್ಟಣ ಇರಲಿಲ್ಲ, ಸುಮ್ನೆ ದೀಪದ ಮುಂದೆ ಕೂತಿದ್ದೆ.

ಚಳಿ, ಮನೆ ಬಗ್ಗೆ ಜಾಸ್ತಿ ಹೇಳಲ್ಲ. ಜಾಕೆಟ್ ಬೆಂಗಳೂರಲ್ಲಿ ತಗೋಬೇಡ, ಅಲ್ಲೇ ತಗೋ. ಬಾಡಿಗೆಗೆ ಅಡ್ವಾನ್ಸ್ ನಮ್ಮಲ್ಲಿ ಥರ ಹತ್ತು ತಿಂಗಳಿಂದು ಕೇಳಂಗಿಲ್ಲ, 2019ರ ಕಾನೂನಿನ ಪ್ರಕಾರ ಮಾಮೂಲಿ ಮನೆಗಳಿಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೊಳ್ಳಂಗಿಲ್ಲ. ಕೌನ್ಸಿಲ್ ಟ್ಯಾಕ್ಸ್ ಅಂತ ಆ ಊರಿನ ಆಡಳಿತಕ್ಕೆ ಕಟ್ಟೋ ಮನೆ ತೆರಿಗೆ ಬೇರೆ ಇರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡ್ಕೋ. ಸಾರಿನ ಪುಡಿ, ಹುಣಸೆಹಣ್ಣು ತಗೊಂಡ್ಹೋಗು, ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥ ಒಳಗೆ ಬಿಡಲ್ಲ.

ಫ್ರೀಲ್ಯಾನ್ಸ್ ವಿಷಯಕ್ಕೆ ಬರ್ತೀನಿ. ಸ್ಕಿಲ್ಡ್ ವರ್ಕರ್ ವೀಸಾ, ಅಂದ್ರೆ ಕೆಲಸಕ್ಕೆ ಅಂತ ಕೊಡೋ ವೀಸಾ, ಇರೋರ ಹೆಂಡತಿ ಸ್ವಂತ ಕೆಲಸ ಮಾಡ್ಬಹುದು, ಅದಕ್ಕೆ ಅಡ್ಡಿ ಇಲ್ಲ. ಸ್ಟೂಡೆಂಟ್ ವೀಸಾದಲ್ಲಿ ಬರೋ ಮಕ್ಕಳು ಮಾಡಂಗಿಲ್ಲ, ನಿನ್ನ ಫ್ರೆಂಡ್ಸ್ ಯಾರಾದ್ರೂ ಇದ್ರೆ ಹೇಳು. ಅಲ್ಲಿ ಹಣಕಾಸು ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತೆ. ಒಂದು ವರ್ಷದಲ್ಲಿ ಸ್ವಂತ ಕೆಲಸದಿಂದ ಸಾವಿರ ಪೌಂಡ್ ದಾಟಿದ್ರೆ ಸೋಲ್ ಟ್ರೇಡರ್, ಅಂದ್ರೆ ಒಬ್ರೇ ಸ್ವಂತ ಬಿಸಿನೆಸ್ ಮಾಡೋರು, ಅಂತ ರಿಜಿಸ್ಟರ್ ಆಗ್ಬೇಕು, ವರ್ಷ ಮುಗಿದ್ಮೇಲೆ ಬರೋ ಅಕ್ಟೋಬರ್ 5ರ ಒಳಗೆ. ರಿಟರ್ನ್ಸು, ದುಡ್ಡು ಎರಡೂ ಜನವರಿ 31ಕ್ಕೆ. ಒಂದು ವಿಷಯ ನನಗೆ ಮೊದಲೇ ಯಾರೂ ಹೇಳಿರಲಿಲ್ಲ, ತೆರಿಗೆ ಸಾವಿರ ಪೌಂಡಿಗಿಂತ ಜಾಸ್ತಿ ಆದ್ರೆ ಆ ವರ್ಷದ್ದು ಪೂರ್ತಿ ಕಟ್ಟೋದಲ್ಲದೆ ಮುಂದಿನ ವರ್ಷದ್ದು ಅರ್ಧ ಜನವರೀಲೇ ಕಟ್ಬೇಕು, ಇನ್ನರ್ಧ ಜುಲೈ 31ಕ್ಕೆ. ಅದಕ್ಕೆ ಕ್ಲೈಂಟ್‌ನಿಂದ ದುಡ್ಡು ಬಂದ ದಿನಾನೇ ಕಾಲು ಭಾಗ ಬೇರೆ ಅಕೌಂಟಿಗೆ ಹಾಕು, ಹಬ್ಬಕ್ಕೂ ಅದನ್ನ ಮುಟ್ಬೇಡ.

ರೇಟ್ ಬಗ್ಗೆ ಒಂದೇ ಮಾತು. ಪೌಂಡನ್ನ ರೂಪಾಯಿಗೆ ತಿರುಗಿಸಿ ನೋಡ್ಬೇಡ. ನಾನು ಹಾಗೆ ನೋಡಿ, ಅಯ್ಯೋ ಇಷ್ಟೊಂದಾ ಅಂತ ಅನ್ನಿಸಿ, ಮೊದಲ ವರ್ಷ ಅಲ್ಲಿಯವ್ರು ತಗೊಳ್ಳೋದರ ಅರ್ಧಕ್ಕೆ ಕೆಲಸ ಮಾಡಿದೆ.

ಈಗ ನೀನು ಕೇಳದೇ ಇರೋದನ್ನ ಹೇಳ್ತೀನಿ. ಐದು ವರ್ಷ ಒಂದು ಕಂಪನಿ ಮಾರ್ಕೆಟಿಂಗ್ ಟೀಮಲ್ಲಿದ್ದು, ಮಗಳು ಹುಟ್ಟಿದ್ಮೇಲೆ ಅದನ್ನ ಬಿಟ್ಟು 2019 ಜೂನ್‌ನಲ್ಲಿ ಸ್ವಂತಕ್ಕೆ ಶುರು ಮಾಡಿದೆ. ದೊಡ್ಡ ಕ್ಲೈಂಟ್ ಒಬ್ರೇ, ಮದುವೆ, ಕಾನ್ಫರೆನ್ಸ್ ಎಲ್ಲ ಮಾಡಿಸೋ ಇವೆಂಟ್ ಕಂಪನಿ, ನಡೆಸ್ತಿದ್ದದ್ದು ನಮ್ಮೂರ ಕಡೆಯವ್ರೇ. ನನ್ನ ಆದಾಯದಲ್ಲಿ ಮುಕ್ಕಾಲು ಭಾಗ ಅವರದ್ದೇ. ಮನೆಗೆ ಕರೆದು ಬಿಸಿಬೇಳೆಬಾತ್ ಬಡಿಸಿ, ಮಗಳ ಕೈಗೆ ಐದು ಪೌಂಡ್ ನೋಟು ಇಟ್ಟು ಕಳಿಸಿದೋರು. ಅವರ ಹತ್ರ ಹೋಗಿ ಕಾಂಟ್ರಾಕ್ಟಿಗೆ ಸೈನ್ ಹಾಕಿ ಅಂತ ಹೇಗೆ ಕೇಳ್ಲಿ? ಅಡ್ವಾನ್ಸೂ ಕೇಳಲಿಲ್ಲ. ಅವರ ಗೂಗಲ್ ಆಡ್ಸ್, ಇನ್‌ಸ್ಟಾಗ್ರಾಂ, ಬ್ರೋಷರ್ ಎಲ್ಲ ನಂದೇ, ತಿಂಗಳಿಗೆ 1,900 ಪೌಂಡ್. ಡಿಸೈನ್ ಮಾತ್ರ ಬೆಂಗಳೂರಿನ ಒಬ್ಬ ಹುಡುಗನಿಗೆ ಕೊಡ್ತಿದ್ದೆ, ಶ್ರೀನಗರದವನು, ಅವನಿಗೆ ತಿಂಗಳಿಗೆ 22,000 ರೂಪಾಯಿ. ಎಂಥಾ ಕೈ ಗೊತ್ತಾ ಅವನದ್ದು, ನಾನು ರಾತ್ರಿ ಒಂದು ಸಾಲು ಬರೆದು ಕಳಿಸಿ ಮಲಗಿದ್ರೆ, ನಮಗೂ ಅವರಿಗೂ ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ ಅಲ್ವಾ, ನಾನು ಏಳೋದ್ರೊಳಗೆ ಮೂರು ಡಿಸೈನ್ ಬಂದಿರ್ತಿತ್ತು.

2020 ಜನವರಿ ಇನ್ವಾಯ್ಸ್ ಕಳಿಸಿದೆ, ದುಡ್ಡು ಬರಲಿಲ್ಲ. ಫೆಬ್ರವರಿದೂ ಬರಲಿಲ್ಲ. ಫೋನ್ ಮಾಡಿದ್ರೆ "ಮುಂದಿನ ವಾರ ಹಾಕ್ತೀನಮ್ಮ" ಅಂತಿದ್ರು, ನಾನು "ಪರ್ವಾಗಿಲ್ಲ ಸರ್, ನಿಧಾನಕ್ಕೆ ಹಾಕಿ" ಅಂತಿದ್ದೆ. ಅಷ್ಟರಲ್ಲಿ ಕೊರೊನಾ ಬಂತು, ಮಾರ್ಚ್ 16ರ ವಾರ ಒಂದೇ ದಿನದಲ್ಲಿ ಅವರ ಜಾಹೀರಾತೆಲ್ಲ ನಿಲ್ಲಿಸ್ಬೇಕಾಯ್ತು, ಒಂದೊಂದೇ ಕ್ಯಾಂಪೇನ್ ಆಫ್ ಮಾಡ್ತಾ ಕೂತಿದ್ದೆ, ಏಪ್ರಿಲ್ ಮದುವೆಗಳು, ಮೇ ಮದುವೆಗಳು, ಎಲ್ಲಾ. 23ಕ್ಕೆ ಲಾಕ್‌ಡೌನ್ ಅಂದ್ರು. ಮೂರು ಇನ್ವಾಯ್ಸ್ ಸೇರಿ 5,700 ಪೌಂಡ್ ಬಾಕಿ.

ಮಾರ್ಚ್ 26ಕ್ಕೆ ಹಣಕಾಸು ಮಂತ್ರಿ ರಿಷಿ ಸುನಕ್ ಟೀವೀಲಿ ಬಂದು ಸ್ವಂತ ಕೆಲಸ ಮಾಡೋರಿಗೆ ಸರಾಸರಿ ಲಾಭದ 80% ಸರ್ಕಾರ ಕೊಡುತ್ತೆ ಅಂದಾಗ ನಾನು ದೇವ್ರಿಗೆ ಕೈ ಮುಗಿದೆ. ಆಮೇಲೆ ಗೊತ್ತಾಯ್ತು, 2018-19ರ ರಿಟರ್ನ್ಸ್‌ನಲ್ಲಿ ಸ್ವಂತ ಕೆಲಸದ ಲೆಕ್ಕ ಇರೋರಿಗೆ ಮಾತ್ರ. ನಾನು ಶುರು ಮಾಡಿದ್ದೇ ಅದರ ಮುಂದಿನ ವರ್ಷ. ನನ್ನಂಥ ಹೊಸಬರನ್ನ ಲೆಕ್ಕಕ್ಕೆ ತಗೊಂಡಿದ್ದು 2021ರಲ್ಲಿ, ನಾಲ್ಕನೇ ಕಂತಿಗೆ. ಆ ಮಾರ್ಚ್ 26ರ ರಾತ್ರಿ ಎಂಟು ಗಂಟೆಗೆ ಬೀದಿಯವ್ರೆಲ್ಲ ಬಾಗಿಲಿಗೆ ಬಂದು ಆಸ್ಪತ್ರೆಯವ್ರಿಗೋಸ್ಕರ ಚಪ್ಪಾಳೆ ತಟ್ಟಿದ್ರು, ನಾನೂ ಮಗಳನ್ನ ಎತ್ಕೊಂಡು ತಟ್ಟಿದೆ, ಕಣ್ಣಲ್ಲಿ ನೀರು ಸುರೀತಿತ್ತು, ಪಕ್ಕದ ಮನೆ ಅಜ್ಜಿ ಆಸ್ಪತ್ರೆಯವ್ರಿಗೋಸ್ಕರ ಅಳ್ತಿದಾಳೆ ಅನ್ಕೊಂಡ್ರು.

ಮೇ 4ರಿಂದ ಬೌನ್ಸ್ ಬ್ಯಾಕ್ ಸಾಲ ಅಂತ ಬಂತು, ಕೊರೊನಾದಿಂದ ಕಷ್ಟಕ್ಕೆ ಬಿದ್ದ ಸಣ್ಣ ಬಿಸಿನೆಸ್‌ನವ್ರಿಗೆ ಬ್ಯಾಂಕ್ ಕೊಡೋದು. ಕಮ್ಮಿ ಅಂದ್ರೆ 2,000 ಪೌಂಡ್, ಮೊದಲ ವರ್ಷ ಬಡ್ಡಿ ಇಲ್ಲ, ಆಮೇಲೆ 2.5%. ನಮ್ಮನೆಯವ್ರು ತಗೋ ಅಂದ್ರು. ನಾನು ಅಪ್ಪನ ಮಾತು ನೆನೆಸ್ಕೊಂಡು ಬೇಡ ಅಂದೆ, ಅಪ್ಪನ ಮಗಳು ಅಂತ ಹೆಮ್ಮೆಯಿಂದಾನೇ ಅಂದೆ. ಅದೇ ಇವತ್ತಿಗೂ ನನ್ನ ಕೊರೀತಿರೋದು. ಯಾಕಂದ್ರೆ ನಾನು ಬ್ಯಾಂಕಿಂದ ಸಾಲ ತಗೊಳ್ಳಲಿಲ್ಲ ನಿಜ, ಶ್ರೀನಗರದ ಆ ಹುಡುಗನ ಹತ್ರ ತಗೊಂಡಿದ್ದೆ. ಅವನಿಗೂ ಮೂರು ತಿಂಗಳಿಂದ ಕೊಟ್ಟಿರಲಿಲ್ಲ, 66,000 ರೂಪಾಯಿ. ಅವನೂ ಬೆಂಗಳೂರಿನ ಹುಡುಗ ತಾನೆ, ಅವನೂ ನನ್ನ ಥರಾನೇ. "ಪರ್ವಾಗಿಲ್ಲ ಅಕ್ಕ, ನಿಮಗೆ ಬಂದ್ಮೇಲೆ ಹಾಕಿ" ಅಂತ ಮೆಸೇಜ್ ಮಾಡ್ತಿದ್ದ. ಅದನ್ನ ಓದಿದಾಗೆಲ್ಲ ನನಗೆ ಸಮಾಧಾನ ಆಗ್ತಿತ್ತು ಕಣೇ, ಒಳ್ಳೆ ಹುಡುಗ, ಅರ್ಥ ಮಾಡ್ಕೋತಾನೆ ಅಂತ. ಆ ಸರ್ ಕೂಡ ನನ್ನ ಬಗ್ಗೆ ಹಾಗೇ ಅನ್ಕೊಂಡಿರ್ತಾರೆ. ಜುಲೈನಲ್ಲಿ ಒಂದ್ಸಲ "ಅಕ್ಕ, ಸ್ವಲ್ಪ ಟೈಟ್ ಇದೆ, ಅರ್ಧ ಆದ್ರೂ ಆಗುತ್ತಾ" ಅಂತ ಬಂತು, ಬಂದ ಎರಡು ನಿಮಿಷಕ್ಕೆ ಆ ಮೆಸೇಜ್ ಡಿಲೀಟ್ ಮಾಡಿದ. ನಾನು ಓದಾಗಿತ್ತು. ಓದಿಲ್ಲ ಅನ್ನೋ ಥರ ಸುಮ್ನಿದ್ದೆ.

ಅವರಪ್ಪ ಕಲ್ಯಾಣ ಮಂಟಪಗಳಲ್ಲಿ ಅಡುಗೆ ಮಾಡೋರು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ, ಬೇರೆಯವ್ರಿಂದ. ಆ ವರ್ಷ ಏಪ್ರಿಲ್, ಮೇನಲ್ಲಿ ಬೆಂಗಳೂರಲ್ಲಿ ಯಾವ ಛತ್ರದಲ್ಲಿ ಒಲೆ ಹತ್ತಿತ್ತು ಹೇಳು. ಮನೆಗೆ ಬರ್ತಿದ್ದದ್ದು ಆ ಹುಡುಗಂದೊಂದೇ ದುಡ್ಡು, ಅದನ್ನ ನಾನು ಇಟ್ಕೊಂಡಿದ್ದೆ.

ಆ ಬೇಸಿಗೆ ಸಣ್ಣಪುಟ್ಟ ಕೆಲಸ ಹಿಡಿದೆ. ದಿನಸಿ ಅಂಗಡಿಗಳಿಗೆ ಗೂಗಲ್ ಮ್ಯಾಪಲ್ಲಿ ಟೈಮಿಂಗ್ ಸರಿಮಾಡಿ, ವಾಟ್ಸಾಪ್ ಆರ್ಡರ್ ಶುರು ಮಾಡಿಸಿಕೊಟ್ಟೆ, ಝೂಮಲ್ಲಿ ಯೋಗ ಹೇಳಿಕೊಡೋರೊಬ್ರಿಗೆ ಫೇಸ್‌ಬುಕ್ ಆಡ್ಸ್ ಹಾಕಿದೆ, ಒಬ್ಬೊಬ್ರಿಂದ ತಿಂಗಳಿಗೆ 150 ಪೌಂಡ್. ಹತ್ತು ಜನ ಆದ್ರು, ಈಗಲೂ ಅದರಲ್ಲಿ ಆರು ಜನ ಇದಾರೆ. ದೊಡ್ಡ ಕ್ಲೈಂಟ್ ಒಬ್ರಿಗಿಂತ ಸಣ್ಣೋರು ಹತ್ತು ಜನ ಇದ್ರೆ ರಾತ್ರಿ ನಿದ್ದೆ ಬರುತ್ತೆ, ಇದನ್ನ ಬರೆದಿಟ್ಕೋ.

ದುಡ್ಡು ಹೇಗೆ ಬಂತು ಅಂದ್ರೆ, ಆ ಯೋಗದವ್ರೇ ಹೇಳಿದ್ರು, 1998ರ ಕಾನೂನೊಂದಿದೆ, ಬಿಸಿನೆಸ್‌ನವ್ರು ದುಡ್ಡು ತಡಮಾಡಿದ್ರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ 8% ಬಡ್ಡಿ ಕೇಳ್ಬಹುದು, ಒಪ್ಪಂದ ಏನೂ ಇಲ್ಲದಿದ್ರೆ 30 ದಿನ ಅಂತ ಲೆಕ್ಕ, ಸಾವಿರ ಪೌಂಡ್ ದಾಟಿದ ಇನ್ವಾಯ್ಸಿಗೆ ಮೇಲೆ 70 ಪೌಂಡ್ ಬೇರೆ. ಹತ್ತು ಸಾವಿರ ಪೌಂಡ್‌ವರೆಗೆ ಸ್ಮಾಲ್ ಕ್ಲೇಮ್ಸ್ ಅಂತ ಕೋರ್ಟಲ್ಲಿ ಸಣ್ಣ ಮೊತ್ತದ ಕೇಸು ಲಾಯರ್ ಇಲ್ದೇನೂ ಹಾಕ್ಬಹುದು. ಸೆಪ್ಟೆಂಬರ್‌ನಲ್ಲಿ ಕೈ ನಡುಗ್ತಾ ಒಂದು ಪತ್ರ ಬರೆದೆ, 14 ದಿನ ಟೈಮ್ ಕೊಟ್ಟೆ. ಬಡ್ಡಿ ಕೇಳಲಿಲ್ಲ, ಅಸಲು ಮಾತ್ರ. 3,800 ಬಂತು. ಉಳಿದ ಒಂದು ತಿಂಗಳದ್ದು ಬರಲಿಲ್ಲ, ಅವರ ಕಂಪನಿ ಮುಚ್ಚಿತು, ಪಾಪ ಅವರೂ ಮುಳುಗಿದ್ರು. ಆದ್ರೆ ನೋಡು, ಏಳು ತಿಂಗಳು ಫೋನಲ್ಲಿ ಬರದಿದ್ದದ್ದು ಒಂದು ಪತ್ರಕ್ಕೆ ಹತ್ತೇ ದಿನದಲ್ಲಿ ಬಂತು. ಫೆಬ್ರವರೀಲೇ ಬರೆದಿದ್ರೆ ಪೂರ್ತಿ ಬರ್ತಿತ್ತೇನೋ, ಆಗ ಅವರ ಹತ್ರಾನೂ ಇತ್ತು.

ಆಯುಧಪೂಜೆ ಹಿಂದಿನ ವಾರ ಆ ಹುಡುಗನಿಗೆ ಪೂರ್ತಿ 66,000 ಕಳಿಸಿ ಉದ್ದಕ್ಕೆ ಸಾರಿ ಅಂತ ಬರೆದೆ. "ಬಂತು ಅಕ್ಕ, ಥ್ಯಾಂಕ್ಸ್" ಅಂತ ಉತ್ತರ. ಆಮೇಲೆ ನಾಲ್ಕು ಸಲ ಕೆಲಸ ಕೊಡೋಕೆ ಹೋದೆ, ನಾಲ್ಕು ಸಲಾನೂ "ಈಗ ಸ್ವಲ್ಪ ಬಿಝಿ ಅಕ್ಕ" ಅಂದ. ಜೋರಾಗಿ ಒಂದು ಮಾತು ಬೈದಿದ್ರೂ ಆಗ್ತಿತ್ತು.

ಅದಕ್ಕೇ ಹೇಳ್ತಿದೀನಿ, ಅಲ್ಲಿ ನಮ್ಮೋರು ಸಿಕ್ತಾರೆ, ಕನ್ನಡ ಕೇಳಿದ್ರೆ ಜೀವ ಕರಗುತ್ತೆ, ಊಟಕ್ಕೆ ಕರೀತಾರೆ, ಹೋಗು, ಚೆನ್ನಾಗಿ ಊಟ ಮಾಡು, ಮಾರನೇ ದಿನ ಕಾಂಟ್ರಾಕ್ಟ್ ಕಳಿಸು. ಅರ್ಧ ಅಡ್ವಾನ್ಸ್ ಬಂದ್ಮೇಲೆ ಲ್ಯಾಪ್‌ಟಾಪ್ ತೆಗಿ. ಇನ್ವಾಯ್ಸ್ ಕಳಿಸಿ 30 ದಿನದಲ್ಲಿ ದುಡ್ಡು ಬರದಿದ್ರೆ 31ನೇ ದಿನಕ್ಕೆ ಮೇಲ್ ಹೋಗ್ಬೇಕು. ಬೆಂಗಳೂರಲ್ಲಿ ಯಾರ ಕೈಲಾದ್ರೂ ಕೆಲಸ ಮಾಡಿಸಿದ್ರೆ ಅವರಿಗೆ ಮೊದಲು ಕೊಡು, ನಿನಗೆ ಬಂದಿರ್ಲಿ ಬಿಡ್ಲಿ. ಅವರು ಪರ್ವಾಗಿಲ್ಲ ಅಂದ್ರೂ ಕೊಡು, ಪರ್ವಾಗಿಲ್ಲ ಅಂದಾಗಲಂತೂ ಅವತ್ತೇ ಕೊಡು. ಇಲ್ಲಿ ಹುಟ್ಟಿ ಬೆಳೆದೋರು ಆ ಮಾತನ್ನ ಯಾವಾಗ ಅಂತಾರೆ ಅಂತ ನಿನಗೂ ಗೊತ್ತಲ್ಲ.

ಅಪ್ಪನಿಗೆ ಇದ್ಯಾವುದೂ ಹೇಳಲೇ ಇಲ್ಲ. ಆ ವರ್ಷ ಪೂರ್ತಿ ವಿಡಿಯೋ ಕಾಲಲ್ಲಿ "ಕೆಲಸ ಚೆನ್ನಾಗಿ ನಡೀತಿದೆ ಅಪ್ಪ" ಅಂತಾನೇ ಹೇಳ್ಕೊಂಡು ಬಂದೆ, ಈಗ ಹೇಳೋಣ ಅಂದ್ರೆ ಅವರಿಲ್ಲ.

ಶ್ರೀನಗರ ನಮ್ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ನಿನ್ನೆ ಹನುಮಂತನಗರದವರೆಗೂ ಹೋಗಿ ತರಕಾರಿ ತಗೊಂಡು ವಾಪಸ್ ಬಂದೆ. ಹೊರಡೋಕೆ ಇನ್ನೂ ಒಂಬತ್ತು ದಿನ ಇದೆ. ನಿನ್ನ ಮೊದಲನೇ ಕಾಂಟ್ರಾಕ್ಟ್ ಕಳಿಸೋಕೆ ಮುಂಚೆ ನನಗೆ ತೋರಿಸು, ಓದಿ ಹೇಳ್ತೀನಿ, ಅದಕ್ಕೆ ಸಂಕೋಚ ಪಡ್ಬೇಡ. ಹ್ಞಾ, ಬೆಂಕಿಪೊಟ್ಟಣ ಫ್ಲೈಟಲ್ಲಿ ಬ್ಯಾಗಿಗೆ ಹಾಕೋಹಾಗಿಲ್ಲ, ಇಳಿದ ತಕ್ಷಣ ಅಂಗಡೀಲಿ ತಗೋ.