ಕಾರಿಗೆ 15 ವರ್ಷ ಆಗಿ ನಾಲ್ಕು ತಿಂಗಳಾಯಿತು, ಟ್ಯಾಕ್ಸ್ ಕಟ್ಟುವುದು ಮರೆತೆ. ಮೈಸೂರಿನಲ್ಲಿ ಈಗ ಏನು ಮಾಡಬೇಕು?

ಮೊದಲು ಗಾಬರಿ ಬಿಡಿ. ನಮ್ಮಲ್ಲಿ ಸ್ವಂತ ಕಾರು, ಬೈಕಿಗೆ ಕೊಳ್ಳುವಾಗಲೇ ಲೈಫ್ ಟ್ಯಾಕ್ಸ್ ಕಟ್ಟಿರುತ್ತೇವೆ. ನೀವು ನಿಜವಾಗಿ ಮರೆತಿರುವುದು 15 ವರ್ಷಕ್ಕೆ ಅವಧಿ ಮುಗಿಯುವ ಆರ್‌ಸಿಯ (ಗಾಡಿಯ ನೋಂದಣಿ ಪತ್ರ) ನವೀಕರಣ, ಅದರ ಜೊತೆಗೆ ಹಳೇ ಗಾಡಿಗೆ ಬೀಳುವ ಗ್ರೀನ್ ಟ್ಯಾಕ್ಸ್.

ಮಂಡ್ಯದಲ್ಲಿ ನಮ್ಮ ಅಪ್ಪನ ಬೈಕಿಗೂ ಹೀಗೇ ಆಗಿತ್ತು. ಏಳು ತಿಂಗಳು ಯಾರೂ ಆರ್‌ಸಿ ತೆಗೆದು ನೋಡಿರಲಿಲ್ಲ. ಬೈಕಿಗೆ ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ, ಅಂದರೆ 2100 ಸುಮ್ನೆ ಹೋಯಿತು, ತುಂಬಾ ಬೇಜಾರಾಯಿತು. ಕಾರಿಗೆ ತಿಂಗಳಿಗೆ 500. ನಿಮಗೆ 2000 ಆಗುತ್ತದೆ, ನವೀಕರಣದ ಶುಲ್ಕ 5000 ಬೇರೆ.

ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನವೀಕರಣದ ಅರ್ಜಿ, ಅಂದರೆ ಫಾರ್ಮ್ 25, ತುಂಬಿ ಹಣ ಕಟ್ಟಿ. ಆಮೇಲೆ ಗಾಡಿಯನ್ನು ಆರ್‌ಟಿಓಗೆ ಒಯ್ದು ಇನ್ಸ್‌ಪೆಕ್ಟರಿಗೆ ತೋರಿಸಬೇಕು. ಕೆಎ 09 ಆದರೆ ಮೈಸೂರು ಪಶ್ಚಿಮ, ಕೆಎ 55 ಆದರೆ ಪೂರ್ವ. ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ, ಲೈಟು, ಬ್ರೇಕು, ಟೈರು ಮೊದಲೇ ಸರಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಅಲೆಯಬೇಕಾಗುತ್ತದೆ. ಪಾಸಾದರೆ ಐದು ವರ್ಷ ಸಿಗುತ್ತದೆ.

ಅಲ್ಲಿಯವರೆಗೆ ದಯವಿಟ್ಟು ಬೆಂಗಳೂರು ಹೈವೇಗೆ ಗಾಡಿ ಇಳಿಸಬೇಡಿ. ದಂಡಕ್ಕಿಂತ ಜಾಸ್ತಿ ಭಯ ಅಪಘಾತದ್ದು: ಆರ್‌ಸಿ ಮುಗಿದ ಗಾಡಿ ಅಂತ ಇನ್ಶೂರೆನ್ಸ್ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. ಮುಂದಿನ ಸಲ ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು, ಫೋನಿನಲ್ಲಿ ಈಗಲೇ ರಿಮೈಂಡರ್ ಇಟ್ಟುಬಿಡಿ.