ಅಮ್ಮನ ಹೆಜ್ಜೆ ಎಣಿಸಿದ್ದು ಯಾರ ಜೇಬಿನ ಫೋನು?

ಪ್ರಶ್ನೆ: ನಾವು ರೇಷ್ಮೆ ಹುಳ ಮೇಯಿಸುವವರು. ಅಮ್ಮನಿಗೆ 54 ವರ್ಷ, ಶುಗರ್ ಇದೆ. ಪಿಎಚ್‌ಡಿ ಮಾಡುವ ಹುಡುಗಿಯೊಬ್ಬಳು ಬಂದು, ಆರು ತಿಂಗಳ ಸ್ಟಡಿ ಎಂದು ಹೇಳಿ ಫೋನಿಗೆ ಆಪ್ ಹಾಕಿಕೊಟ್ಟು, ಫಾರಂಗೆ ಸಹಿ ಹಾಕಿಸಿಕೊಂಡು ಹೋದಳು. ಊಟ, ಮಾತ್ರೆ ನಾವೇ ತುಂಬಬೇಕು, ಹೆಜ್ಜೆ ಅದೇ ಎಣಿಸುತ್ತದೆ. ಮನೆಯಲ್ಲಿ ಇರೋದು ಒಂದೇ ಫೋನು, ಗೂಡಿನ ಮಾರ್ಕೆಟ್‌ಗೆ ಹೋಗುವಾಗ ನಾನೇ ಒಯ್ಯುತ್ತೇನೆ. ಎರಡೇ ವಾರಕ್ಕೆ ಅಮ್ಮನಿಗೆ ಸಾಕಾಗಿದೆ. ಬಿಟ್ಟರೆ ತಪ್ಪಾ? ಇದರಿಂದ ಶುಗರ್ ಇಳಿಯುತ್ತಾ?
– ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಬಿಡಬಹುದು. ಸಹಿ ಹಾಕಿದ್ದು ಸಾಲದ ಪತ್ರಕ್ಕಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ನಿಯಮಗಳ ಪ್ರಕಾರ ಸಂಶೋಧನೆಯಿಂದ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಹಾಗೆ ಸರಿದರೆಂದು ಅಮ್ಮನ ಚಿಕಿತ್ಸೆಗೆ ತೊಂದರೆ ಆಗುವಂತಿಲ್ಲ. ಫಾರಂನ ಒಂದು ಪ್ರತಿ ನಿಮ್ಮ ಹತ್ತಿರ ಇರಬೇಕಿತ್ತು. ಇಲ್ಲದಿದ್ದರೆ ಕೇಳಿ ಪಡೆಯಿರಿ.

ಆದರೆ ಆಪ್ ಅಳಿಸಿ ಸುಮ್ನಾಗಬೇಡಿ. ಆ ಹುಡುಗಿಗೆ ಫೋನ್ ಮಾಡಿ, ಯಾಕೆ ಬಿಟ್ಟಿರಿ ಅಂತ ಹೇಳಿ. ಇಂಥ ಸಂಶೋಧನೆಯ ದೊಡ್ಡ ತಲೆನೋವೇ ಅದು: ಜನ ಆಪ್ ಹಾಕಿಕೊಳ್ಳುತ್ತಾರೆ, ಆಮೇಲೆ ತೆರೆಯೋದೇ ಇಲ್ಲ. ಗುಂಥರ್ ಐಸೆನ್‌ಬಾಖ್ ಎಂಬ ಸಂಶೋಧಕರು 2005ರಲ್ಲೇ ಈ ಬಿಟ್ಟುಹೋಗುವಿಕೆಯನ್ನೂ ಲೆಕ್ಕಕ್ಕೆ ತಗೊಳ್ಳಿ ಎಂದು ಬರೆದಿದ್ದರು. 2019ರಲ್ಲಿ ಮನಸ್ಸಿನ ಆರೋಗ್ಯದ ಆಪ್‌ಗಳನ್ನು ನೋಡಿದಾಗ, 15ನೇ ದಿನಕ್ಕೆ ಇನ್ನೂ ಬಳಸುತ್ತಿದ್ದವರು ನೂರಕ್ಕೆ ನಾಲ್ಕು ಜನ, ಅಷ್ಟೇ. ಕೊನೆತನಕ ಉಳಿಯುವವರು ಮೊದಲಿಂದಲೂ ಮಾತ್ರೆ ತಪ್ಪಿಸದ ಶಿಸ್ತಿನವರೇ ಇರಬಹುದು, ಅಲ್ವಾ? ಅವರನ್ನಷ್ಟೇ ಎಣಿಸಿದರೆ ಯಾವ ಆಪ್ ಆದರೂ ಪವಾಡ ಮಾಡಿದ ಹಾಗೆ ಕಾಣುತ್ತದೆ.

ಇನ್ನು ಆ ಒಂದೇ ಫೋನಿನ ವಿಷಯ. ಅಮ್ಮ ಬೆಳಿಗ್ಗೆಯಿಂದ ಸೊಪ್ಪು ಕೊಯ್ದು, ಹೊತ್ತು ತಂದು, ತಟ್ಟೆ ತಟ್ಟೆಗೂ ಹಾಕಿ, ಮನೆಗೂ ಹುಳದ ಮನೆಗೂ ಹತ್ತು ಸಲ ಓಡಾಡಿರುತ್ತಾರೆ, ಫೋನು ಮಾತ್ರ ಕಿಟಕಿ ಹತ್ತಿರ ಚಾರ್ಜಿಗೆ ಬಿದ್ದಿರುತ್ತದೆ. ಆಪ್ ಲೆಕ್ಕದಲ್ಲಿ ಅವರು ಸೋಮಾರಿ. ಮಾರನೇ ದಿನ ಹರಾಜು ಮುಗಿಯುವ ತನಕ ಮಾರ್ಕೆಟ್‌ನಲ್ಲಿ ನೀವು ಸುತ್ತಿದ್ದೆಲ್ಲ ಅಮ್ಮನ ಖಾತೆಗೆ ಜಮಾ! ಇದನ್ನು ಹೇಳದಿದ್ದರೆ ಆ ಹುಡುಗಿ ಪಾಪ, ನಿಮ್ಮ ಕಾಲಿಗೂ ಅಮ್ಮನ ಶುಗರ್‌ಗೂ ಏನು ಸಂಬಂಧ ಎಂದು ಥೀಸಿಸ್ ಬರೆಯುತ್ತಾಳೆ.

ಶುಗರ್ ಇಳಿಯುತ್ತಾ ಎಂದರೆ, ಆಪ್ ಒಂದರಿಂದಲೇ ಇಳಿಯುತ್ತದೆ ಎಂದು ನಂಬಬೇಡಿ. ನಮ್ಮ ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ಪರೀಕ್ಷೆ ನಡೆದಿತ್ತು, ಬಿಪಿ-ಶುಗರ್ ಇದ್ದ ಸುಮಾರು 3,700 ಜನ, ಒಂದು ವರ್ಷ. ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಚಿಕಿತ್ಸೆಗೆ ಸಲಹೆ ಕೊಡುವ ಆಪ್ ಇದ್ದ ಟ್ಯಾಬ್ ಕೊಟ್ಟರು, ಉಳಿದ ಕಡೆ ಸಿಬ್ಬಂದಿಗೆ ತರಬೇತಿ ಮಾತ್ರ. ಎರಡೂ ಕಡೆ ಬಿಪಿ, ಶುಗರ್ ಇಳಿದವು. ಟ್ಯಾಬ್ ಇದ್ದ ಕಡೆ ಜಾಸ್ತಿಯೇನೂ ಇಳಿಯಲಿಲ್ಲ. ಬರೀ ಮುಂಚೆ-ಆಮೇಲೆ ನೋಡಿದ್ದರೆ ಟ್ಯಾಬ್‌ಗೇ ಹಾರ ಹಾಕುತ್ತಿದ್ದರು. ನಾನಾಗಿದ್ದರೆ ಅಮ್ಮನಿಗೆ ಆಪ್ ಬಿಡಿಸಿ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬಿಡಿಸುತ್ತಿರಲಿಲ್ಲ.

ಪ್ರಶ್ನೆ: ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುವ ಆಪ್ ಸಿಕ್ಕಿದೆ. ನಾರ್ಮಲ್ ಬರುತ್ತಿದೆ ಅಂತ ಅಪ್ಪ ಮಾತ್ರೆ ನಿಲ್ಲಿಸಿದ್ದಾರೆ. ಸರೀನಾ?
– ಮಾಲೂರಿನ ಓದುಗರು

ಉತ್ತರ: ಇಲ್ಲ. ಇವತ್ತೇ ಕರೆದುಕೊಂಡು ಹೋಗಿ ತೋಳಿಗೆ ಪಟ್ಟಿ ಸುತ್ತಿ ನೋಡಿಸಿ, ಮಾತ್ರೆ ಬಗ್ಗೆ ಡಾಕ್ಟರನ್ನೇ ಕೇಳಿ. ಅಮೆರಿಕದಲ್ಲಿ ಇಂಥದ್ದೇ ಒಂದು ಆಪ್ ಭಾರೀ ಮಾರಾಟ ಆಗಿತ್ತು. ಜಾನ್ಸ್ ಹಾಪ್‌ಕಿನ್ಸ್‌ನವರು ಅದನ್ನು ಪರೀಕ್ಷಿಸಿ 2016ರಲ್ಲಿ ಬರೆದದ್ದು ಓದಿದರೆ ಗಾಬರಿ ಆಗುತ್ತದೆ: ಬಿಪಿ ಜಾಸ್ತಿ ಇದ್ದ ಐವರಲ್ಲಿ ಸುಮಾರು ನಾಲ್ವರಿಗೆ ಅದು ನಾರ್ಮಲ್ ಎಂದೇ ತೋರಿಸಿತ್ತು.

ಪ್ರಶ್ನೆ: ನಮ್ಮ ಯಜಮಾನರು ಅಮಾನಿಕೆರೆ ಸುತ್ತಿ ಬಂದ ಮೇಲೂ 10,000 ಹೆಜ್ಜೆ ಆಗಿಲ್ಲವೆಂದು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ನಿಂತು ಫೋನು ಅಲ್ಲಾಡಿಸುತ್ತಾರೆ.
– ಓದುಗಿ, ತುಮಕೂರು

ಉತ್ತರ: ಆ ಹತ್ತು ಸಾವಿರ ಬಂದದ್ದು ಡಾಕ್ಟರರಿಂದ ಅಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ 2019ರ ಅಧ್ಯಯನದಲ್ಲಿ ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಕೆರೆ ಸುತ್ತಿದ್ದಾರಲ್ಲ, ಮಲಗಲು ಹೇಳಿ.