ಮಿಲ್ಲಿಂಗ್ ಮಷೀನಿನ ಎರಡು ಸ್ಪೀಡ್ ಮೋಟಾರ್ ಲೋ ಸ್ಪೀಡಿನಲ್ಲಿ ಓಡುತ್ತದೆ, ಹೈಗೆ ಹಾಕಿದರೆ ಗುಂಯ್ ಅನ್ನುತ್ತದೆ. ವೈಂಡಿಂಗ್ ಸುಟ್ಟಿದೆಯಾ?

ನೀವು ಬರೆದಿರುವುದು ಇಷ್ಟು: ಲೋನಲ್ಲಿ ಮೋಟಾರ್ ಆರಾಮಾಗಿ ತಿರುಗುತ್ತದೆ. ಹೈಗೆ ತಿರುವಿದರೆ ನಿಂತಲ್ಲೇ ಗುಂಯ್‌ಗುಡುತ್ತದೆ, ನಾಲ್ಕೈದು ಸೆಕೆಂಡಿಗೆ ಓವರ್‌ಲೋಡ್ ಟ್ರಿಪ್ ಆಗುತ್ತದೆ. ರೀವೈಂಡಿಂಗ್‌ನವರು ಫೋನಲ್ಲೇ "ವೈಂಡಿಂಗ್ ಹೋಗಿದೆ, ಬಿಚ್ಚಿ ತನ್ನಿ" ಎಂದಿದ್ದಾರೆ. ಈಗಲೇ ಬಿಚ್ಚಬೇಡಿ. ನಾನು ಬಿಚ್ಚಿ, ಹೊತ್ತುಕೊಂಡು ಹೋಗಿ, "ಮೋಟಾರ್ ಸರಿಯಾಗಿದೆಯಲ್ಲ" ಅನ್ನಿಸಿಕೊಂಡು, ಮತ್ತೆ ಹೊತ್ತುಕೊಂಡು ಬಂದವನು. ಸೊಂಟಕ್ಕೆ ಇನ್ನೂ ನೆನಪಿದೆ.

ಮೊದಲು ನೇಮ್‌ಪ್ಲೇಟ್ ಒರೆಸಿ ಓದಿ. 1420/700 ಅಥವಾ 2850/1420 ಥರ, ಒಂದು ಸ್ಪೀಡ್ ಇನ್ನೊಂದರ ಸುಮಾರು ದುಪ್ಪಟ್ಟು ಇದ್ದರೆ ಅದು ಬಹುಮಟ್ಟಿಗೆ ಡಾಲಾಂಡರ್ ಮೋಟಾರ್, ಅಂದರೆ ಒಂದೇ ವೈಂಡಿಂಗಿನಿಂದ ಎರಡು ಸ್ಪೀಡ್ ಕೊಡುವಂಥದ್ದು. ಪಕ್ಕದಲ್ಲಿ ಒಂದು ತ್ರಿಕೋನ ಮತ್ತು ಎರಡು ವೈ ಗುರುತು ಇದ್ದರೆ ಇನ್ನೂ ಖಾತ್ರಿ. 1420/940 ಥರ ಇದ್ದರೆ ಸಾಮಾನ್ಯವಾಗಿ ಒಳಗೆ ಬೇರೆಬೇರೆ ಎರಡು ವೈಂಡಿಂಗ್ ಇರುತ್ತವೆ. ಅಂಥದ್ದರಲ್ಲಿ ಒಂದು ಸುಟ್ಟು ಇನ್ನೊಂದು ಚೆನ್ನಾಗಿರಬಹುದು, ಆಗ ರೀವೈಂಡಿಂಗ್‌ನವರು ಹೇಳಿದ್ದು ನಿಜವೂ ಆಗಬಹುದು. ಅನುಮಾನ ಇದ್ದರೆ ಲೈನ್ ಬಿಚ್ಚಿ, ಟರ್ಮಿನಲ್ ಬಾಕ್ಸಿನಲ್ಲಿ 1ಯು (1U) ಮತ್ತು 2ಯು (2U) ಎಂದು ಗುರುತು ಇರುವ ತುದಿಗಳ ನಡುವೆ ಮಲ್ಟಿಮೀಟರನ್ನು ಓಮ್‌ನಲ್ಲಿ ಹಿಡಿಯಿರಿ. ಏನೂ ತೋರಿಸದಿದ್ದರೆ ಎರಡು ವೈಂಡಿಂಗ್, ಕೆಲವೇ ಓಮ್ ತೋರಿಸಿದರೆ ಡಾಲಾಂಡರ್.

ಡಾಲಾಂಡರ್ ಆದರೆ ನಿಮಗೆ ಅರ್ಧ ಸಮಾಧಾನ. ಅದರಲ್ಲಿ ಎರಡೂ ಸ್ಪೀಡಿಗೆ ಒಂದೇ ತಾಮ್ರ. ಆರು ಅರ್ಧ ಕಾಯಿಲ್‌ಗಳನ್ನು ಒಂದು ಬಳೆಯ ಹಾಗೆ ಸುತ್ತ ಜೋಡಿಸಿರುತ್ತಾರೆ, ಆರು ಕೂಡುವ ಜಾಗದಿಂದ ಆರು ತುದಿ ಹೊರಗೆ ಬರುತ್ತವೆ. ಲೋನಲ್ಲಿ 1ಯು, 1ವಿ, 1ಡಬ್ಲ್ಯುಗೆ ಲೈನ್, 2ರ ಗುಂಪಿನ ಮೂರೂ ಖಾಲಿ. ಹೈನಲ್ಲಿ 2ರ ಗುಂಪಿಗೆ ಲೈನ್, 1ರ ಗುಂಪಿನ ಮೂರನ್ನೂ ಒಟ್ಟಿಗೆ ಶಾರ್ಟ್ ಮಾಡಬೇಕು. ಈ ಶಾರ್ಟ್ ಮಾಡುವ ಕೆಲಸ ಮೋಟಾರಿನದಲ್ಲ, ಹೊರಗಿನ ಸ್ವಿಚ್ಚಿನದ್ದು ಅಥವಾ ಸ್ಟಾರ್ ಕಾಂಟ್ಯಾಕ್ಟರಿನದ್ದು (ಮೂರು ತುದಿ ಹೀಗೆ ಒಂದಾಗುವುದೇ ಸ್ಟಾರ್, ಕಾಂಟ್ಯಾಕ್ಟರ್ ಎಂದರೆ ಕಾಯಿಲಿಗೆ ಕರೆಂಟು ಕೊಟ್ಟಾಗ ಎಳೆದುಕೊಳ್ಳುವ ಸ್ವಿಚ್). ಲೋ ಸರಿ, ಹೈ ಮಾತ್ರ ಗುಂಯ್ ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಇನ್ನೊಂದು ಅನುಮಾನ, ಹೈನ ಮೂರು ಲೈನಿನಲ್ಲಿ ಒಂದು ಫೇಸ್ ಮೋಟಾರ್‌ವರೆಗೆ ತಲುಪುತ್ತಿಲ್ಲ ಎನ್ನುವುದು.

ನನ್ನ ಮಷೀನಿನಲ್ಲಿ ಇದ್ದದ್ದು ಕೈಯಲ್ಲಿ ತಿರುಗಿಸುವ ಕ್ಯಾಮ್ ಸ್ವಿಚ್. ಹಿಂದಿನ ಮುಚ್ಚಳ ತೆಗೆದ ಕೂಡಲೇ ಸುಟ್ಟ ಬೇಕಲೈಟ್ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಪದರದ ಒಂದು ವೈರಿನ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು, ಬಾಗಿಸಿದರೆ ಪುಡಿಯಾಗಿ ಉದುರಿತು. ಅದರ ಸ್ಕ್ರೂ ಅರ್ಧ ಸುತ್ತು ಸಡಿಲ. ಒಳಗಿನ ಬೆಳ್ಳಿ ಚುಕ್ಕೆ ಕರ್ರಗಾಗಿ ಗುಳಿ ಬಿದ್ದಿತ್ತು, ಹಿಂದಿನ ಸ್ಪ್ರಿಂಗ್ ಕಾದು ನೀಲಿಯಾಗಿ ಮೆತ್ತಗಾಗಿತ್ತು. ತಮಾಷೆ ಏನೆಂದರೆ, ಮಲ್ಟಿಮೀಟರ್ ಅದೇ ಕಾಂಟ್ಯಾಕ್ಟ್ ಮೇಲೆ ಬೀಪ್ ಅಂದಿತ್ತು! ಮೀಟರ್ ಕಳಿಸುವ ಕರೆಂಟು ಒಂದು ಚಿಟಿಕೆ. ಅದನ್ನು ಸುಟ್ಟ ಕಾಂಟ್ಯಾಕ್ಟೂ ದಾಟಿಸುತ್ತದೆ, ಮೋಟಾರಿನ ಆಂಪಿಯರ್ ಬಂದಾಗ ಕೈಕೊಡುತ್ತದೆ. ಬೀಪ್ ನಂಬಿ ಸ್ವಿಚ್ ಸರಿ ಎಂದುಕೊಂಡದ್ದಕ್ಕೇ ನಾನು ಮೋಟಾರ್ ಹೊತ್ತದ್ದು.

ಹಾಗಾಗಿ ನೀವು ವೋಲ್ಟೇಜ್ ನೋಡಿ. ಬೆಲ್ಟ್ ತೆಗೆದುಬಿಡಿ. ಮೇನ್ ಆಫ್ ಮಾಡಿ, ಬೇರೆ ಯಾರೂ ಹಾಕದಂತೆ ಬೀಗ ಹಾಕಿ, ಟರ್ಮಿನಲ್ ಬಾಕ್ಸ್ ತೆರೆದು ಸಪ್ಲೈ ಇಲ್ಲ ಎಂದು ಟೆಸ್ಟ್ ಮಾಡಿಕೊಳ್ಳಿ. ಮೀಟರನ್ನು ಎಸಿ ವೋಲ್ಟಿನ ದೊಡ್ಡ ರೇಂಜಿಗೆ ಇಟ್ಟು, ಇನ್ಸುಲೇಶನ್ ಇರುವ ಕ್ಲಿಪ್ಪುಗಳನ್ನು 1ಯು ಮತ್ತು 1ವಿಗೆ ಕಚ್ಚಿಸಿ, ಕೈ ದೂರ ಇಟ್ಟುಕೊಂಡು ಹೈಗೆ ಎರಡು ಸೆಕೆಂಡು ಹಾಕಿ. ಸೊನ್ನೆಯ ಹತ್ತಿರ ಬರಬೇಕು, ಯಾಕೆಂದರೆ ಆ ಎರಡೂ ಆಗ ಶಾರ್ಟ್ ಆಗಿರಬೇಕು. ಹತ್ತಾರು ವೋಲ್ಟೋ ಅದಕ್ಕಿಂತ ಜಾಸ್ತಿಯೋ ತೋರಿಸಿದರೆ ಸ್ಟಾರ್ ಕೂಡುತ್ತಿಲ್ಲ, ಕಳ್ಳ ಸಿಕ್ಕ. ಪ್ರತಿ ಸಲ ಮೇನ್ ಆಫ್ ಮಾಡಿಕೊಂಡು ಕ್ಲಿಪ್ ಬದಲಿಸಿ, ಉಳಿದ ಎರಡು ಜೋಡಿಗೂ ಹೀಗೇ ನೋಡಿ. ಆಮೇಲೆ 2ರ ಗುಂಪಿನ ಮೂರು ಜೋಡಿ. ಅಲ್ಲಿ ಮೂರರಲ್ಲೂ ಪೂರ್ತಿ ಲೈನ್ ವೋಲ್ಟೇಜ್ ಇರಬೇಕು. ಎರಡು ಜೋಡಿಯಲ್ಲಿ ತೀರಾ ಕಡಿಮೆ ಬಂದರೆ ಒಂದು ಫೇಸ್ ಇಲ್ಲ. ಲೈವ್ ಸರ್ಕ್ಯೂಟಿನಲ್ಲಿ ಅಳೆದು ಅಭ್ಯಾಸ ಇಲ್ಲದಿದ್ದರೆ ಈ ಒಂದು ಕೆಲಸ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ನಾಚಿಕೆ ಬೇಡ.

ನಿಮ್ಮದು ಕಾಂಟ್ಯಾಕ್ಟರ್ ಇರುವ ಪ್ಯಾನೆಲ್ ಆದರೆ, ಹೈ ಒತ್ತಿದಾಗ ಸ್ಟಾರ್ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆಯಾ ಎಂದು ಕಿವಿಗೊಟ್ಟು ಕೇಳಿ. ಎಷ್ಟೋ ಸಲ ಲೋ ಕಾಂಟ್ಯಾಕ್ಟರಿನ ಸಣ್ಣ ಇಂಟರ್‌ಲಾಕ್ ಕಾಂಟ್ಯಾಕ್ಟಿನಲ್ಲಿ ಕೊಳೆ ಕೂತು ಸ್ಟಾರ್ ಕಾಯಿಲಿಗೆ ಸಪ್ಲೈ ಹೋಗುವುದೇ ಇಲ್ಲ. ಆದರೆ ಸ್ಕ್ರೂಡ್ರೈವರಿನಿಂದ ಅದನ್ನು ಒತ್ತಿ ನೋಡುವ ಚಾಳಿ ಬೇಡವೇ ಬೇಡ. ಲೋ ಒಳಗಿರುವಾಗ ಸ್ಟಾರ್ ಕೂಡಿದರೆ ಮೂರು ಫೇಸೂ ನೇರವಾಗಿ ಒಂದಕ್ಕೊಂದು ಶಾರ್ಟ್. ಆ ಇಂಟರ್‌ಲಾಕ್ ಇರುವುದೇ ಅದಕ್ಕೆ.

ವೈಂಡಿಂಗ್ ಬಗ್ಗೆಯೂ ಮನಸ್ಸು ಹಗುರ ಮಾಡಿಕೊಳ್ಳಿ. ಲೋನಲ್ಲಿ ಖಾಲಿ ಓಡಿತು ಎಂದ ಮಾತ್ರಕ್ಕೆ ಕಾಯಿಲ್ ಎಲ್ಲ ಸರಿ ಎಂದಲ್ಲ, ಒಂದು ಅರ್ಧ ಕಾಯಿಲ್ ಕಡಿದಿದ್ದರೂ ಬಡಕಲಾಗಿ ಓಡೀತು. ಆರೂ ವೈರ್ ಬಿಚ್ಚಿ (ಬಿಚ್ಚುವ ಮುಂಚೆ ಫೋಟೋ ತೆಗೆದು ಚೀಟಿ ಕಟ್ಟಿ, ಬರೀ ಓಮ್ ನೋಡಿ ಯಾವ ಗುಂಪು ಲೋ ಎಂದು ಹೇಳಲಾಗುವುದಿಲ್ಲ) ಅಳೆಯಿರಿ. ಅರ್ಧ ಕಾಯಿಲಿಗೆ 3 ಓಮ್ ಅಂದುಕೊಳ್ಳೋಣ. 1ರ ಗುಂಪಿನಲ್ಲಿ ಯಾವ ಎರಡರ ನಡುವೆಯೂ 4 ಬರಬೇಕು, 2ರ ಗುಂಪಿನಲ್ಲೂ 4. ಈಗ 1ರ ಮೂರನ್ನೂ ಒಂದು ತಂತಿಯಿಂದ ಕಟ್ಟಿ 2ರ ಗುಂಪನ್ನು ಅಳೆದರೆ 3ಕ್ಕೆ ಇಳಿಯಬೇಕು. ನಿಮ್ಮ ಅಂಕಿ ಬೇರೆ ಇದ್ದರೂ ಈ ಮುಕ್ಕಾಲಿನ ಲೆಕ್ಕ ಹಾಗೇ ಇರುತ್ತದೆ. ಒಂದು ಅರ್ಧ ಕಾಯಿಲ್ ಕಡಿದಿದ್ದರೆ 4, 4, 4 ಬದಲು 12, 6, 6 ಬರುತ್ತದೆ, ಗುರುತಿಸಲು ಕನ್ನಡಕ ಬೇಡ. ಕಡಿಯದೆ ಒಳಗೊಳಗೇ ಶಾರ್ಟ್ ಆದದ್ದು ಓಮ್‌ನಲ್ಲಿ ಸಿಗದೇ ಹೋಗಬಹುದು. ಅದಕ್ಕೆ ಲೋನಲ್ಲಿ ಖಾಲಿ ಓಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಮೂರು ಫೇಸಿನ ಆಂಪಿಯರ್ ಹೋಲಿಸಿ. ವೈಂಡಿಂಗಿನಿಂದ ಮೋಟಾರಿನ ಮೈಗೆ ಲೀಕೇಜ್ ಇದೆಯಾ ನೋಡಲು 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿಯಿರಿ, 1 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಮಾತ್ರ ಚಿಂತೆ ಮಾಡಿ.

ಬೆಲ್ಟ್ ತೆಗೆದಾಗ ಹೈ ಸಲೀಸಾಗಿ ಓಡಿಬಿಟ್ಟರೆ ಬಹುಮಟ್ಟಿಗೆ ಕರೆಂಟಿನ ತಂಟೆ ಅಲ್ಲ, ಸ್ಪಿಂಡಲ್ ಬೇರಿಂಗೋ ಗೇರ್ ಬಾಕ್ಸಿನ ದಪ್ಪ ಆಯಿಲೋ ನೋಡಿ. ಹೈಗೆ ಬೇರೆ ಓವರ್‌ಲೋಡ್ ರಿಲೇ ಇದ್ದರೆ ಅದರ ಸೆಟ್ಟಿಂಗ್ ನೇಮ್‌ಪ್ಲೇಟಿನ ಹೈ ಆಂಪಿಯರಿಗೆ ಸರಿಯಾಗಿದೆಯಾ ಅಂತಲೂ ನೋಡಿ. ಲೋನ ಅಂಕಿಗೇ ಇಟ್ಟು ಬೈದುಕೊಳ್ಳುವವರು ಇದ್ದಾರೆ.

ಸ್ವಿಚ್ ಕೆಟ್ಟಿದ್ದರೆ ಕಾಂಟ್ಯಾಕ್ಟ್ ಉಜ್ಜಿ ಮತ್ತೆ ಹಾಕುವುದು ನಾಲ್ಕು ದಿನದ ಮಾತು. ಸ್ಪ್ರಿಂಗ್ ಸತ್ತಿದ್ದರಂತೂ ಬದಲಿಸಿಯೇಬಿಡಿ. ಡಾಲಾಂಡರ್ ಸ್ವಿಚ್ ಎಂದೇ ಕೇಳಿ, ಮಾಮೂಲಿ ಸ್ಟಾರ್-ಡೆಲ್ಟಾ ಸ್ವಿಚ್ ಇಲ್ಲಿಗೆ ಆಗುವುದಿಲ್ಲ. ಹೊಸದು ಹಾಕಿದ ಮೇಲೆ ಹೈನಿಂದ ಲೋಗೆ ಓಡುತ್ತಿರುವಾಗಲೇ ತಿರುಗಿಸಬೇಡಿ. ಲೋನ ಸಿಂಕ್ರೊನಸ್ ಸ್ಪೀಡಿಗಿಂತ (ಒಳಗೆ ಸುತ್ತುವ ಕಾಂತಕ್ಷೇತ್ರದ ವೇಗಕ್ಕಿಂತ) ಜಾಸ್ತಿ ಓಡುತ್ತಿರುವ ಮೋಟಾರ್ ಆಗ ಜನರೇಟರ್ ಆಗಿ ಗಕ್ಕನೆ ಬ್ರೇಕ್ ಹಾಕುತ್ತದೆ, ಬೆಲ್ಟು ಗೇರು ಕಾಂಟ್ಯಾಕ್ಟು ಎಲ್ಲಕ್ಕೂ ಏಟು. ಸೊನ್ನೆಗೆ ತಂದು, ಮೋಟಾರ್ ನಿಧಾನವಾದ ಮೇಲೆ ಲೋ ಹಾಕಿ.

ಕೊನೆಗೆ, ಬೆಲ್ಟ್ ಏರಿಸುವ ಮುಂಚೆ ಪುಲ್ಲಿಗೆ ಒಂದು ಸೀಮೆಸುಣ್ಣದ ಗೆರೆ ಎಳೆದು ಎರಡೂ ಸ್ಪೀಡಿನಲ್ಲಿ ತಿರುಗುವ ದಿಕ್ಕು ನೋಡಿ. ನನ್ನದು ಹೈನಲ್ಲಿ ಮಾತ್ರ ಉಲ್ಟಾ ಓಡಿತ್ತು. ಹಾಗಾದರೆ 2ರ ಗುಂಪಿನ ಎರಡು ವೈರ್ ಮಾತ್ರ ಅದಲುಬದಲು ಮಾಡಿ. ಮೇನ್ ಕಡೆ ಬದಲಿಸಿದರೆ ಹೈ ಸರಿಹೋಗಿ ಲೋ ಉಲ್ಟಾ ಆಗುತ್ತದೆ.